ತೇರಿನ ಅಗಲದ ಬೀದಿ: ಯುರೋಪಿನ ಅನಿಲ ಲೆಕ್ಕ ಏಕೆ ಕೂಡಿಬರುತ್ತಿಲ್ಲ?

ಮಾನ್‌ಹೈಮ್ ಜರ್ಮನಿಯ ನೈಋತ್ಯ ಭಾಗದ ಒಂದು ಕೈಗಾರಿಕಾ ನಗರ. 2024ರ ನವೆಂಬರ್‌ನಲ್ಲಿ ಅಲ್ಲಿನ ಇಂಧನ ಕಂಪನಿ ಎಂವಿವಿ, 2035ರ ಹೊತ್ತಿಗೆ ಊರಿನ ಅನಿಲ ಜಾಲವನ್ನು ಮುಚ್ಚುವ ಯೋಚನೆಯಿದೆ ಎಂದು ಪ್ರಕಟಿಸಿತು. ಮನೆಯನ್ನು ಬೆಚ್ಚಗಿಡಲು ಬೇರೆ ದಾರಿ ನೋಡಿಕೊಳ್ಳಿ ಎಂಬುದು ಅದರ ಸಾರಾಂಶ. ಅದೇ ದೇಶದ ಕರಾವಳಿಯಲ್ಲಿ ಹಡಗಿನಿಂದ ಅನಿಲ ಇಳಿಸಿಕೊಳ್ಳುವ ಟರ್ಮಿನಲ್‌ಗಳು 2043ರ ಕೊನೆಯವರೆಗೆ ಕೆಲಸ ಮಾಡಬಹುದೆಂದು 2022ರ ಕಾನೂನು ಹೇಳುತ್ತದೆ. ಜರ್ಮನಿ ಹವಾಮಾನ ತಟಸ್ಥವಾಗಬೇಕಿರುವುದು, ಅಂದರೆ ಭೂಮಿಯನ್ನು ಬಿಸಿಯಾಗಿಸುವ ಅನಿಲಗಳ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ತರಬೇಕಿರುವುದು, 2045ಕ್ಕೆ, ಐರೋಪ್ಯ ಒಕ್ಕೂಟ 2050ಕ್ಕೆ. ಇನ್ನು 2023ರ ಅಕ್ಟೋಬರ್‌ನಲ್ಲಿ ಕತಾರ್ ದೇಶವು ಶೆಲ್ ಮತ್ತು ಟೋಟಲ್‌ಎನರ್ಜೀಸ್ ಕಂಪನಿಗಳೊಂದಿಗೆ ಮಾಡಿಕೊಂಡ ಒಪ್ಪಂದಗಳೋ 2026ರಿಂದ ಮೊದಲುಗೊಂಡು 27 ವರ್ಷದವು. ಲೆಕ್ಕದ ಪ್ರಕಾರ ಕತಾರಿನ ಹಡಗುಗಳು ನೆದರ್ಲೆಂಡ್ಸ್ ಮತ್ತು ಫ್ರಾನ್ಸಿನ ಬಂದರುಗಳಿಗೆ 2053ರವರೆಗೂ ಬರುತ್ತಿರಬೇಕು.

ಒಂದೇ ಖಂಡದ ಒಂದೇ ಇಂಧನಕ್ಕೆ ಹೀಗೆ ಐದು ಮುಕ್ತಾಯದ ದಿನಾಂಕಗಳು. ಯುರೋಪಿನ ಅನಿಲ ಸಮಸ್ಯೆ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಪುಟಿನ್ ಮತ್ತು ಸಮುದ್ರದಡಿ ಒಡೆದ ಕೊಳವೆ. ಅನಿಲ ಎಲ್ಲಿಂದ ಬರುತ್ತದೆ ಎಂಬುದು ಇಂದಿಗೂ ಸಣ್ಣ ಪ್ರಶ್ನೆಯೇನಲ್ಲ. ಆದರೆ ನನಗೆ ಅದಕ್ಕಿಂತ ತೊಡಕಾಗಿ ಕಾಣುವ ಪ್ರಶ್ನೆ ಬೇರೆಯದು: ಎಷ್ಟು ಬೇಕು, ಎಷ್ಟು ವರ್ಷ ಬೇಕು, ಅಷ್ಟು ವರ್ಷ ನೆಲದಡಿ ಕಾಯುತ್ತಾ ಮಲಗಿರುವ ಕಬ್ಬಿಣಕ್ಕೆ ಹಣ ಕೊಡುವವರು ಯಾರು? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ. ಹಾಸಿಗೆಯೇ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಾ ಕುಗ್ಗುತ್ತಾ ಇದ್ದರೆ?

ಮೊದಲು ಪೂರೈಕೆಯ ಕಥೆಯನ್ನು ಮುಗಿಸಿಬಿಡೋಣ. ಅನಿಲವನ್ನು ಶತಕೋಟಿ ಘನ ಮೀಟರ್‌ಗಳಲ್ಲಿ ಅಳೆಯುತ್ತಾರೆ. ಈ ವಲಯದವರು ಬಿಸಿಎಂ ಎನ್ನುತ್ತಾರೆ, ನಾವೂ ಹಾಗೆಯೇ ಕರೆಯೋಣ. 2021ರಲ್ಲಿ ಐರೋಪ್ಯ ಒಕ್ಕೂಟ ಬಳಸಿದ್ದು 400 ಬಿಸಿಎಂಗಿಂತ ತುಸು ಹೆಚ್ಚು. ಅದರಲ್ಲಿ ರಷ್ಯಾದಿಂದ ಬಂದದ್ದು ಸುಮಾರು 155. ಆಮದಿನ ಮಟ್ಟಿಗೆ ಇದು ಹತ್ತಿರ ಹತ್ತಿರ ಅರ್ಧ. ಬಾಲ್ಟಿಕ್ ಸಮುದ್ರದಡಿಯ ನಾರ್ಡ್ ಸ್ಟ್ರೀಮ್, ಬೆಲಾರಸ್ ಮತ್ತು ಪೋಲೆಂಡ್ ಮೂಲಕ ಬರುವ ಯಮಾಲ್, ಉಕ್ರೇನಿನ ಹಳೆಯ ಸೋವಿಯತ್ ಕಾಲದ ಮಾರ್ಗಗಳು, ಕಪ್ಪು ಸಮುದ್ರದಡಿಯ ಟರ್ಕ್‌ಸ್ಟ್ರೀಮ್ ಎಂದು ನಾಲ್ಕು ಹೆದ್ದಾರಿಗಳಿದ್ದವು. ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿದ 2022ರಲ್ಲಿ ಯಮಾಲ್ ನಿಂತಿತು. ನಾರ್ಡ್ ಸ್ಟ್ರೀಮ್ ಅದೇ ಸೆಪ್ಟೆಂಬರ್ 26ರಂದು ಸ್ಫೋಟಗೊಂಡಿತು; ನಾಲ್ಕು ಕೊಳವೆಗಳಲ್ಲಿ ಮೂರು ಒಡೆದವು. ಅದರ ಮರುದಿನವೇ ನಾರ್ವೆಯ ಅನಿಲವನ್ನು ಡೆನ್ಮಾರ್ಕ್ ಮೂಲಕ ಪೋಲೆಂಡಿಗೆ ತರುವ ಬಾಲ್ಟಿಕ್ ಪೈಪ್‌ನ ಉದ್ಘಾಟನೆ ನಡೆಯಿತು ಎಂಬುದು ಕಾದಂಬರಿಕಾರರೂ ಬರೆಯಲು ಹಿಂಜರಿಯುವಂಥ ಕಾಕತಾಳೀಯ. ಉಕ್ರೇನ್ ಮಾರ್ಗ 2025ರ ಜನವರಿ 1ರಂದು ಐದು ವರ್ಷದ ಒಪ್ಪಂದ ಮುಗಿದೊಡನೆ ಮುಚ್ಚಿತು. ಮೊಲ್ಡೋವಾದಿಂದ ಬೇರ್ಪಟ್ಟು ನಿಂತಿರುವ ಟ್ರಾನ್ಸ್‌ನಿಸ್ಟ್ರಿಯಾದ ಮನೆಗಳಲ್ಲಿ ಆ ದಿನವೇ ಬಿಸಿನೀರು ನಿಂತುಹೋಯಿತು. ಈಗ ಉಳಿದಿರುವುದು ಟರ್ಕ್‌ಸ್ಟ್ರೀಮ್ ಒಂದೇ.

ಹೋದದ್ದನ್ನು ತುಂಬಿಕೊಂಡ ಬಗೆಯನ್ನು ಯುದ್ಧಕಾಲೇ ಶಸ್ತ್ರಾಭ್ಯಾಸ ಎನ್ನಬೇಕು; ಒಂದೇ ವ್ಯತ್ಯಾಸವೆಂದರೆ ಈ ಅಭ್ಯಾಸ ಫಲಿಸಿತು. ಒಂದೇ ಒಂದು ಎಲ್‌ಎನ್‌ಜಿ (ದ್ರವೀಕೃತ ಅನಿಲ) ಟರ್ಮಿನಲ್ ಇಲ್ಲದಿದ್ದ ಜರ್ಮನಿ, ತೇಲುವ ಟರ್ಮಿನಲ್ ಹಡಗನ್ನು ಬಾಡಿಗೆಗೆ ತಂದು 2022ರ ಡಿಸೆಂಬರ್‌ನಲ್ಲಿ ವಿಲ್ಹೆಲ್ಮ್ಸ್‌ಹಾಫನ್‌ನಲ್ಲಿ ನಿಲ್ಲಿಸಿತು. ಅನುಮತಿ ಪತ್ರಗಳಿಗೇ ವರ್ಷಗಟ್ಟಲೆ ಹಿಡಿಯುವ ದೇಶದಲ್ಲಿ ಕೆಲಸ ಹತ್ತು ತಿಂಗಳೊಳಗೆ ಮುಗಿಯಿತು. ನಾರ್ವೆ ಅತಿದೊಡ್ಡ ಪೂರೈಕೆದಾರನಾಯಿತು. 2024ರಲ್ಲಿ ಒಕ್ಕೂಟದ ಆಮದಿನ ಸುಮಾರು ಮೂರನೇ ಒಂದು ಭಾಗ ಅಲ್ಲಿಂದಲೇ ಬಂತು. ಎಲ್‌ಎನ್‌ಜಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಅಮೆರಿಕದ್ದು.

ಎಲ್‌ಎನ್‌ಜಿ ಎಂದರೆ ಮೈನಸ್ 162 ಡಿಗ್ರಿಗೆ ತಣಿಸಿ, ಗಾತ್ರವನ್ನು ಆರುನೂರರ ಒಂದು ಭಾಗಕ್ಕೆ ಇಳಿಸಿ, ಹಡಗಿಗೆ ತುಂಬಿದ ಅನಿಲ. ಕೊಳವೆಯ ಅನಿಲಕ್ಕೆ ಹೋಗಲು ಒಂದೇ ಊರು. ಹಡಗಿನ ಅನಿಲಕ್ಕೆ ಹಾಗಿಲ್ಲ. ಹೆಚ್ಚು ಬೆಲೆ ಕೊಡುವ ಬಂದರು ಸಿಕ್ಕರೆ ಅಟ್ಲಾಂಟಿಕ್ ಮಧ್ಯದಲ್ಲೇ ಮೂತಿ ತಿರುಗಿಸುತ್ತದೆ. ಇದರ ಲಾಭ 2022ರಲ್ಲಿ ಯುರೋಪಿಗೆ ಆಯಿತು, ಬೆಲೆ ತೆತ್ತದ್ದು ಏಷ್ಯಾ. ಆ ವರ್ಷ ಪಾಕಿಸ್ತಾನ ಕರೆದ ಟೆಂಡರ್‌ಗೆ ಒಬ್ಬ ಮಾರಾಟಗಾರನೂ ಬರಲಿಲ್ಲ. ಆದರೆ ಈ ಕತ್ತಿಗೆ ಎರಡೂ ಕಡೆ ಅಲಗು. ಏಷ್ಯಾದಲ್ಲಿ ಕಡು ಚಳಿ ಬಿದ್ದರೆ, ಅಥವಾ ಹಾರ್ಮುಜ್ ಜಲಸಂಧಿಯಲ್ಲಿ ಕತಾರಿನ ಹಡಗುಗಳಿಗೆ ದಾರಿ ಕಟ್ಟಿದರೆ, ಆ ಬೆಲೆಯನ್ನು ಮ್ಯೂನಿಕ್‌ನ ಬಾಡಿಗೆ ಮನೆಯವರೂ ಕೊಡಬೇಕು. ನೆದರ್ಲೆಂಡ್ಸ್‌ನ ಟಿಟಿಎಫ್ ಎಂಬ, ಯುರೋಪಿನ ಅನಿಲ ಬೆಲೆಗೆ ಅಳತೆಗೋಲಾದ ಮಾರುಕಟ್ಟೆಯಲ್ಲಿ ಬಹುಕಾಲ ಮೆಗಾವ್ಯಾಟ್ ಅವರ್‌ಗೆ 20 ಯೂರೊ ಆಸುಪಾಸಿನಲ್ಲಿದ್ದ ಬೆಲೆ 2022ರ ಆಗಸ್ಟ್‌ನಲ್ಲಿ 300ನ್ನು ದಾಟಿತ್ತು.

ಭೂರಾಜಕೀಯವೇ ಬೇಕೆಂದಿಲ್ಲ, ಬೋಲ್ಟು ಸಡಿಲವಾದರೂ ಸಾಕು. 2022ರ ಜೂನ್‌ನಲ್ಲಿ ಟೆಕ್ಸಾಸ್‌ನ ಫ್ರೀಪೋರ್ಟ್ ಸ್ಥಾವರದಲ್ಲಿ ಬೆಂಕಿ ಬಿದ್ದು ತಿಂಗಳುಗಟ್ಟಲೆ ರಫ್ತು ನಿಂತಿತು. 2024ರ ಜೂನ್‌ನಲ್ಲಿ ಉತ್ತರ ಸಮುದ್ರದ ಸ್ಲೈಪ್ನರ್ ವೇದಿಕೆಯಲ್ಲಿ ಎರಡಂಗುಲದ ಒಂದು ಕೊಳವೆ ಬಿರುಕು ಬಿಟ್ಟಿತು. ನಾರ್ವೆಯ ದೊಡ್ಡ ಸಂಸ್ಕರಣಾ ಘಟಕವೊಂದು ಸ್ಥಗಿತವಾಗಿ ಇಡೀ ಖಂಡದ ಬೆಲೆ ಜಿಗಿಯಿತು. ಒಂದು ದೇಶದ ಮೇಲಿನ ಅವಲಂಬನೆ ತಪ್ಪಿದೆ ಎಂದು ಹೇಳುವವರು, ಈಗಿನ ಅವಲಂಬನೆಯ ಕೀಲುಗಳು ಎಷ್ಟು ಸಣ್ಣವು ಎಂಬುದನ್ನೂ ಹೇಳಬೇಕು.

ರಷ್ಯಾದ ಅನಿಲ ಮರಳುತ್ತದೆಯೇ? ಕಾಗದದ ಮೇಲೆ ಉತ್ತರ ಸ್ಪಷ್ಟವಾಗಿದೆ. 2025ರ ಡಿಸೆಂಬರ್‌ನಲ್ಲಿ ಐರೋಪ್ಯ ಸಂಸತ್ತು ಮತ್ತು ಸದಸ್ಯ ದೇಶಗಳ ಮಂಡಳಿ ಒಮ್ಮತಕ್ಕೆ ಬಂದ ಕಾನೂನಿನ ಪ್ರಕಾರ ರಷ್ಯಾದ ಎಲ್‌ಎನ್‌ಜಿ 2027ರ ಆರಂಭದಿಂದ, ಕೊಳವೆಯ ಅನಿಲ ಅದೇ ವರ್ಷದ ಶರತ್ಕಾಲದಿಂದ ಪೂರ್ತಿ ನಿಷಿದ್ಧ. ಹಂಗೇರಿ ಮತ್ತು ಸ್ಲೊವಾಕಿಯಾ ವಿರೋಧಿಸಿದವು. ಸಮುದ್ರ ತೀರವಿಲ್ಲದ ಆ ಎರಡು ದೇಶಗಳಿಗೆ ಹಡಗಿನ ಅನಿಲ ತಲುಪುವುದು ನಾಲ್ಕು ಕೈ ದಾಟಿ. ಕಾನೂನಿನಲ್ಲಿ ಒಂದು ಕಿಟಕಿಯೂ ಇದೆ: ತುರ್ತು ಪರಿಸ್ಥಿತಿಯಲ್ಲಿ ನಿಷೇಧವನ್ನು ತಾತ್ಕಾಲಿಕವಾಗಿ ತಡೆಹಿಡಿಯಬಹುದು. ಬೀಗ ಹಾಕಿದವರೇ ಕೀಲಿಯನ್ನು ಹೊಸಿಲ ಬಳಿ ಇಟ್ಟುಹೋದಂತೆ ಇದು. ಶಾಂತಿ ಒಪ್ಪಂದವಾದರೆ, ಬೆಲೆ ಏರಿದರೆ, ಸರ್ಕಾರಗಳು ಬದಲಾದರೆ ಯಾರಾದರೂ ಆ ಕೀಲಿಯನ್ನು ತಡಕಾಡುತ್ತಾರೆಯೇ ಎಂಬ ಅನುಮಾನವನ್ನು ಪ್ರತಿಯೊಬ್ಬ ಹೂಡಿಕೆದಾರನೂ ಲೆಕ್ಕಕ್ಕೆ ಹಿಡಿಯುತ್ತಾನೆ. ಹೊಸ ಟರ್ಮಿನಲ್‌ಗೆ ಹಣ ಹಾಕುವವನ ನಿದ್ದೆಗೆಡಿಸುವುದು ಅನಿಲದ ಕೊರತೆಗಿಂತ ಅಗ್ಗದ ಅನಿಲ ಮರಳಿ ಬಂದೀತೆಂಬ ಭಯ.

ಅಗ್ಗದ ಅನಿಲ ರಷ್ಯಾದಿಂದಲೇ ಬರಬೇಕೆಂದೂ ಇಲ್ಲ. ಕತಾರ್ ತನ್ನ ದ್ರವೀಕರಣ ಸಾಮರ್ಥ್ಯವನ್ನು ವರ್ಷಕ್ಕೆ 7.7 ಕೋಟಿ ಟನ್ನಿನಿಂದ 14.2 ಕೋಟಿ ಟನ್ನಿಗೆ ಏರಿಸಲು ಹೊರಟಿದೆ. ಅಮೆರಿಕದ ಮೆಕ್ಸಿಕೊ ಕೊಲ್ಲಿಯ ತೀರದಲ್ಲಿ ಹೊಸ ಸ್ಥಾವರಗಳು ಸಾಲುಗಟ್ಟಿವೆ. ಇವೆಲ್ಲ ಹೇಳಿದ ಸಮಯಕ್ಕೆ ಬಂದರೆ ಈ ದಶಕದ ಕೊನೆಗೆ ಜಗತ್ತಿನಲ್ಲಿ ಅನಿಲ ಹೆಚ್ಚಾಗಿ ಬೆಲೆ ಬೀಳಬೇಕು. ಇದರ ನಡುವೆ 2025ರ ಜುಲೈನಲ್ಲಿ ಒಕ್ಕೂಟವು ಮೂರು ವರ್ಷಗಳಲ್ಲಿ 750 ಶತಕೋಟಿ ಡಾಲರ್ ಮೌಲ್ಯದ ಇಂಧನವನ್ನು ಅಮೆರಿಕದಿಂದ ಕೊಳ್ಳುವುದಾಗಿ ಮಾತು ಕೊಟ್ಟಿತು. ಅನಿಲ ಕೊಳ್ಳುವವರು ಕಂಪನಿಗಳು, ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸ್‌ನ ಅಧಿಕಾರಿಗಳಲ್ಲ ಎಂಬ ಸಣ್ಣ ವಿವರ ಆ ದಿನದ ಸಡಗರದಲ್ಲಿ ಹಿಂದೆ ಸರಿಯಿತು.

ಈಗ ಬೇಡಿಕೆಗೆ ಬರೋಣ. ನಿಜವಾದ ಗೊಂದಲ ಇರುವುದು ಇಲ್ಲಿ.

2021ರಿಂದ 2023ರ ನಡುವೆ ಒಕ್ಕೂಟದ ಅನಿಲ ಬಳಕೆ ಸುಮಾರು ಐದನೇ ಒಂದು ಭಾಗ ಕುಸಿಯಿತು. ಯಾವ ತಜ್ಞನಾದರೂ ಇಷ್ಟು ಬೇಗ ಇಷ್ಟು ಇಳಿಯಬಹುದೆಂದು ಮೊದಲೇ ಹೇಳಿದ್ದರೆ ನಗೆಪಾಟಲಾಗುತ್ತಿದ್ದ. ಆದರೆ ಈ ಇಳಿಕೆ ಯಾವ ಜಾತಿಯದು ಎಂಬುದು ಮುಖ್ಯ. ಮಾನ್‌ಹೈಮ್‌ನಿಂದ ರೈನ್ ನದಿ ದಾಟಿದರೆ ಎದುರು ದಡದಲ್ಲಿ ಲುಡ್ವಿಗ್ಸ್‌ಹಾಫನ್, ಬಿಎಎಸ್‌ಎಫ್ ಕಂಪನಿಯ ಬೃಹತ್ ರಾಸಾಯನಿಕ ಸಂಕೀರ್ಣ. ಅಲ್ಲಿನ ಎರಡು ಅಮೋನಿಯಾ ಘಟಕಗಳಲ್ಲಿ ಒಂದನ್ನು ಮುಚ್ಚುವುದಾಗಿ ಕಂಪನಿ 2023ರಲ್ಲಿ ಪ್ರಕಟಿಸಿತು. ಅಮೋನಿಯಾಕ್ಕೆ ಅನಿಲವೇ ಕಚ್ಚಾವಸ್ತು. ಅಂಥ ಘಟಕ ಮುಚ್ಚಿದರೆ ಅಂಕಿಅಂಶದಲ್ಲಿ ಅದು ‘ಬೇಡಿಕೆ ಇಳಿಕೆ’. ಮನೆಗೆ ದಪ್ಪ ಗಾಜಿನ ಕಿಟಕಿ ಹಾಕಿಸಿ ಉಳಿಸಿದ ಅನಿಲವೂ ಅದೇ ಸಾಲಿನಲ್ಲಿ ‘ಬೇಡಿಕೆ ಇಳಿಕೆ’. ಒಂದು ಉಳಿತಾಯ, ಇನ್ನೊಂದು ಉಪವಾಸ. ಎರಡನ್ನೂ ಒಂದೇ ಕಾಲಂನಲ್ಲಿ ಕೂಡಿಸಿ ಸಾಧನೆ ಎಂದು ಬೀಗುವುದು ನನಗೆ ಒಪ್ಪಿಗೆಯಾಗದ ಲೆಕ್ಕ. ಬೆಲೆ ಇಳಿದರೆ ಉಪವಾಸ ಕೂತ ಕಾರ್ಖಾನೆ ಮತ್ತೆ ಊಟಕ್ಕೆ ಬರುತ್ತದೆಯೋ, ಅಷ್ಟರಲ್ಲಿ ಬೇರೆ ಖಂಡಕ್ಕೆ ಗುಳೆ ಹೋಗಿರುತ್ತದೆಯೋ? ಇದೊಂದರ ಮೇಲೆಯೇ ಮುನ್ನೋಟಗಳು ಹತ್ತಾರು ಬಿಸಿಎಂ ಅತ್ತಿತ್ತ ಆಗುತ್ತವೆ.

ಮನೆಗಳ ಕಥೆಯೂ ನೇರವಾಗಿಲ್ಲ. ಅನಿಲದ ಬಾಯ್ಲರ್ ಬದಲಿಗೆ, ಹೊರಗಿನ ಗಾಳಿ ಅಥವಾ ನೆಲದ ಶಾಖವನ್ನು ಮನೆಯೊಳಗೆ ಎಳೆದು ತರುವ ವಿದ್ಯುತ್ ಹೀಟ್ ಪಂಪ್ ಬರಬೇಕೆಂಬುದು ಯೋಜನೆ. 2022ರಲ್ಲಿ ಯುರೋಪಿನಲ್ಲಿ ಸುಮಾರು 30 ಲಕ್ಷ ಹೀಟ್ ಪಂಪ್‌ಗಳು ಮಾರಾಟವಾದವು. ಕಾರ್ಖಾನೆಗಳು ವಿಸ್ತರಣೆಗೆ ಇಳಿದವು. ಮುಂದಿನ ಎರಡು ವರ್ಷ ಮಾರಾಟ ಇಳಿಯಿತು. ಅನಿಲದ ಬೆಲೆ ತಗ್ಗಿತು, ವಿದ್ಯುತ್ ಬೆಲೆ ಅಷ್ಟು ತಗ್ಗಲಿಲ್ಲ, ಬಡ್ಡಿ ಏರಿತು, ಸಬ್ಸಿಡಿ ನಿಯಮಗಳು ಬದಲಾದವು. ಜರ್ಮನಿಯಲ್ಲಂತೂ ಅನಿಲದ ಬಾಯ್ಲರ್‌ಗಳನ್ನು ಕ್ರಮೇಣ ಬದಲಿಸಲು ಹೊರಟ 2023ರ ತಾಪನ ಕಾನೂನು ಸರ್ಕಾರವನ್ನೇ ಅಲುಗಿಸಿತು. 2025ರಲ್ಲಿ ಅಧಿಕಾರಕ್ಕೆ ಬಂದ ಮೈತ್ರಿಕೂಟ ಅದನ್ನು ತೆಗೆದುಹಾಕುವುದಾಗಿ ತನ್ನ ಒಪ್ಪಂದದಲ್ಲೇ ಬರೆದುಕೊಂಡಿತು. ಇಪ್ಪತ್ತು ವರ್ಷ ಬಾಳುವ ಬಾಯ್ಲರ್ ಕೊಳ್ಳಬೇಕೇ ಬೇಡವೇ ಎಂದು ಯೋಚಿಸುತ್ತಿರುವ ಗೃಹಸ್ಥನಿಗೆ ನಾಲ್ಕು ವರ್ಷಕ್ಕೊಮ್ಮೆ ಬದಲಾಗುವ ಕಾನೂನು ಕೊಡುವ ಸಲಹೆ ಒಂದೇ: ಹಳೆಯದನ್ನೇ ರಿಪೇರಿ ಮಾಡಿಸು.

ಮೂರನೆಯದು ವಿದ್ಯುತ್. 2022ರಲ್ಲಿ ಅನಿಲದ ಬಿಕ್ಕಟ್ಟು ಅಷ್ಟು ಕಠಿಣವಾದದ್ದು ರಷ್ಯಾ ಒಂದರಿಂದಲೇ ಅಲ್ಲ. ಫ್ರಾನ್ಸಿನ ಅಣು ಸ್ಥಾವರಗಳ ಕೊಳವೆಗಳಲ್ಲಿ ತುಕ್ಕಿನ ಬಿರುಕು ಕಾಣಿಸಿ, ಹಿಂದಿನ ವರ್ಷ 360 ಟೆರಾವ್ಯಾಟ್ ಅವರ್ ಇದ್ದ ಉತ್ಪಾದನೆ 279ಕ್ಕೆ ಕುಸಿಯಿತು. ಮೂರು ದಶಕಗಳಲ್ಲೇ ಅದು ಅತಿ ಕಡಿಮೆ. ಬರಗಾಲದಿಂದ ಜಲವಿದ್ಯುತ್ತೂ ಕೈಕೊಟ್ಟಿತು. ಆ ಖಾಲಿ ಜಾಗವನ್ನು ತುಂಬಿದ್ದು ದುಬಾರಿ ಅನಿಲ. ಎರಡು ವರ್ಷದ ನಂತರ ಫ್ರಾನ್ಸಿನ ಸ್ಥಾವರಗಳು ಚೇತರಿಸಿಕೊಂಡವು, ಮಳೆ ಬಂತು, ಸೌರ ಫಲಕಗಳು ಹೆಚ್ಚಿದವು, ವಿದ್ಯುತ್ತಿಗೆ ಬೇಕಾದ ಅನಿಲ ಇಳಿಯಿತು. ಅಂದರೆ ಅನಿಲದ ಬೇಡಿಕೆ ಎಂಬುದು ಬಹುಮಟ್ಟಿಗೆ ಉಳಿದವರೆಲ್ಲ ಕೈ ಎತ್ತಿದ ಮೇಲೆ ಉಳಿಯುವ ಶೇಷ. ಶೇಷವನ್ನು ಮುಂದಾಗಿ ಊಹಿಸುವುದು ಕಷ್ಟ, ಏಕೆಂದರೆ ಭಾಗಿಸುವ ಸಂಖ್ಯೆಗಳೆಲ್ಲದರ ತಪ್ಪುಗಳು ಅಲ್ಲಿಗೆ ಬಂದು ಸೇರುತ್ತವೆ.

ಜರ್ಮನ್ನರಲ್ಲಿ ಡುಂಕಲ್‌ಫ್ಲೌಟೆ ಎಂಬ ಮಾತಿದೆ: ಮೋಡ ಕವಿದು ಬಿಸಿಲಿಲ್ಲದ, ಗಾಳಿಯೂ ಬೀಸದ ಚಳಿಗಾಲದ ದಿನಗಳು. 2024ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಎರಡು ಬಾರಿ ಅದು ಕವಿಯಿತು. ಡಿಸೆಂಬರ್ 12ರ ಸಂಜೆಯ ಒಂದು ಗಂಟೆಗೆ ಜರ್ಮನಿಯ ವಿದ್ಯುತ್ ಬೆಲೆ ಮೆಗಾವ್ಯಾಟ್ ಅವರ್‌ಗೆ 936 ಯೂರೊ ತಲುಪಿತು. ಅಂಥ ದಿನ ಅನಿಲ ಸ್ಥಾವರಗಳೆಲ್ಲ ಒಟ್ಟಿಗೆ ಉರಿಯಬೇಕು, ಅದೇ ದಿನ ಚಳಿಗೆ ಮನೆಗಳ ಬಾಯ್ಲರ್‌ಗಳೂ ಉರಿಯುತ್ತಿರುತ್ತವೆ. ವರ್ಷವಿಡೀ ಸೂರ್ಯ ಮತ್ತು ಗಾಳಿ ಹೆಚ್ಚು ಹೆಚ್ಚು ದುಡಿಯುತ್ತಿದ್ದಂತೆ ವಾರ್ಷಿಕ ಅನಿಲ ಬಳಕೆ ಇಳಿಯುತ್ತದೆ. ಆ ನಾಲ್ಕು ದಿನಗಳ ಬಳಕೆ ಮಾತ್ರ ಅಷ್ಟು ಇಳಿಯುವುದಿಲ್ಲ. ವರ್ಷಕ್ಕೊಮ್ಮೆ ತೇರು ಎಳೆಯುವ ರಥಬೀದಿಯ ಅಗಲವನ್ನು ನಿರ್ಧರಿಸುವುದು ದಿನವೂ ಓಡಾಡುವ ಹತ್ತು ಜನರಲ್ಲ, ತೇರಿನ ಗಾತ್ರ. ಯುರೋಪಿನ ಅನಿಲ ಜಾಲ ಹಾಗೆಯೇ ರಥಬೀದಿಯಾಗುತ್ತಿದೆ. ಬೀದಿಯ ಅಗಲ ಅಷ್ಟೇ, ಓಡಾಟ ಕಡಿಮೆ, ನಿರ್ವಹಣೆಯ ಖರ್ಚು ಹಾಗೆಯೇ.

ನೆಲದಡಿಯ ಸಂಗ್ರಹಾಗಾರಗಳಲ್ಲಿ ಈ ಪೇಚು ಇನ್ನೂ ನಿಚ್ಚಳ. ಒಕ್ಕೂಟದ ಸಂಗ್ರಹ ಸಾಮರ್ಥ್ಯ ಸುಮಾರು 100 ಬಿಸಿಎಂ. ಬೇಸಿಗೆಯಲ್ಲಿ ಅಗ್ಗವಾಗಿ ಕೊಂಡು ತುಂಬಿಸಿ ಚಳಿಗಾಲದಲ್ಲಿ ಮಾರುವುದು ಈ ವ್ಯಾಪಾರದ ಹಳೆಯ ಸೂತ್ರ. 2021ರ ಶರತ್ಕಾಲದಲ್ಲಿ ರಷ್ಯಾದ ಸರ್ಕಾರಿ ಅನಿಲ ಕಂಪನಿ ಗಾಜ್‌ಪ್ರಾಮ್ ಹಿಡಿತದಲ್ಲಿದ್ದ ಜರ್ಮನಿಯ ರೇಡನ್ ಸಂಗ್ರಹಾಗಾರ ಬಹುತೇಕ ಖಾಲಿ ಇತ್ತು. ದೇಶದ ಸಂಗ್ರಹದ ಐದನೇ ಒಂದು ಭಾಗ ಅಲ್ಲೇ ಇದ್ದರೂ ಅದರ ಅರ್ಥ ಆಗ ಯಾರಿಗೂ ಹೊಳೆಯಲಿಲ್ಲ. ಆ ಪೆಟ್ಟಿನ ನಂತರ ನವೆಂಬರ್ 1ರೊಳಗೆ ಶೇ 90ರಷ್ಟು ತುಂಬಿಸಲೇಬೇಕೆಂಬ ನಿಯಮ ಬಂತು. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಎಲ್ಲರೂ ಬೇಸಿಗೆಯಲ್ಲಿ ಕೊಳ್ಳಲೇಬೇಕು ಎಂದು ಇಡೀ ಜಗತ್ತಿಗೆ ತಿಳಿದ ಮೇಲೆ ಬೇಸಿಗೆಯ ಅನಿಲ ಅಗ್ಗವಾಗಿ ಉಳಿದೀತೇ? 2025ರ ಆರಂಭದಲ್ಲಿ ಬೇಸಿಗೆಯ ಬೆಲೆ ಮುಂದಿನ ಚಳಿಗಾಲದ ಬೆಲೆಯನ್ನೇ ಮೀರಿತು. ದುಬಾರಿಗೆ ಕೊಂಡು ಅಗ್ಗಕ್ಕೆ ಮಾರಲು ಯಾವ ವ್ಯಾಪಾರಿಯೂ ಸಂಗ್ರಹಾಗಾರ ಬಾಡಿಗೆಗೆ ಹಿಡಿಯುವುದಿಲ್ಲ. ಕೊನೆಗೆ ಬ್ರಸೆಲ್ಸ್ ನಿಯಮವನ್ನು ಸಡಿಲಿಸಿ, ಅಕ್ಟೋಬರ್ 1ರಿಂದ ಡಿಸೆಂಬರ್ 1ರ ನಡುವೆ ಯಾವಾಗಲಾದರೂ ತುಂಬಿಸಿ ಎಂದಿತು. ಚಳಿಗಾಲದ ವಿಮೆಯ ಕಂತನ್ನು ಮಾರುಕಟ್ಟೆ ಕಟ್ಟುವುದಿಲ್ಲವೆಂದಾದರೆ ಸರ್ಕಾರ ಕಟ್ಟಬೇಕು. ಜರ್ಮನಿ ಸಂಗ್ರಹಕ್ಕೆಂದು ಶುಲ್ಕ ಹಾಕಿ ತನ್ನ ಗಡಿ ದಾಟುವ ಅನಿಲದಿಂದಲೂ ಅದನ್ನು ವಸೂಲು ಮಾಡಿದಾಗ ಆಸ್ಟ್ರಿಯಾ, ಝೆಕ್ ದೇಶಗಳು ಸಿಟ್ಟಾದವು. ಗಡಿಯಲ್ಲಿನ ವಸೂಲಿ 2025ರಿಂದ ನಿಂತಿತು.

ಮೂಲಸೌಕರ್ಯದ ವಿಷಯದಲ್ಲಿ ಯುರೋಪಿನ ಮುನ್ನೋಟಗಳ ಇತಿಹಾಸ ಅಷ್ಟೇನೂ ಹೆಮ್ಮೆಯದಲ್ಲ. 2000ರ ದಶಕದಲ್ಲಿ ಬೇಡಿಕೆ ಏರುತ್ತಲೇ ಇರುತ್ತದೆ ಎಂದು ನಂಬಿ ಎಳೆದ ಗೆರೆಗಳು ನಕಾಶೆಯಲ್ಲೇ ಉಳಿದವು. ಕ್ಯಾಸ್ಪಿಯನ್ ಅನಿಲ ತರಬೇಕಿದ್ದ 31 ಬಿಸಿಎಂನ ನಬುಕ್ಕೊ 2013ರಲ್ಲಿ ಬಿದ್ದುಹೋಯಿತು. ರಷ್ಯಾದ 63 ಬಿಸಿಎಂನ ಸೌತ್ ಸ್ಟ್ರೀಮ್ 2014ರಲ್ಲಿ. ಸ್ಪೇನಿನ ಉತ್ತರ ತೀರದಲ್ಲಿ ಎಲ್ ಮುಸೆಲ್ ಎಂಬ ಟರ್ಮಿನಲ್ ಕಟ್ಟಿ ಮುಗಿಸಿದ ಮೇಲೆ, ಬೇಡಿಕೆ ಇಲ್ಲವೆಂದು ಹತ್ತು ವರ್ಷ ಬೀಗ ಹಾಕಿಟ್ಟರು; ದಂಡದ ಖರ್ಚಿಗೆ ಅದೊಂದು ಸ್ಮಾರಕವೆಂದು ಹಾಸ್ಯವಾಯಿತು. 2023ರಲ್ಲಿ ಅದೇ ಟರ್ಮಿನಲ್‌ನ ಬೀಗ ತೆಗೆದು ಹಡಗು ಬರಮಾಡಿಕೊಂಡರು. ಸ್ಪೇನಿನಲ್ಲಿ ಟರ್ಮಿನಲ್‌ಗಳು ಬೇಕಾದಷ್ಟಿವೆ, ಪಿರೆನೀಸ್ ಪರ್ವತ ದಾಟಿ ಫ್ರಾನ್ಸಿಗೆ ಹೋಗುವ ಕೊಳವೆ ಕಿರಿದು. ಅದನ್ನು ಅಗಲ ಮಾಡಬೇಕಿದ್ದ ಮಿಡ್‌ಕ್ಯಾಟ್ ಯೋಜನೆಯನ್ನು ಎರಡೂ ದೇಶಗಳ ನಿಯಂತ್ರಕರು 2019ರಲ್ಲಿ ತಿರಸ್ಕರಿಸಿದ್ದರು. ಮೂರೇ ವರ್ಷದಲ್ಲಿ ಎಲ್ಲರೂ ಆ ಕೊಳವೆಗಾಗಿ ಹಂಬಲಿಸಿದರು. ಆಗಲೂ ಆಗದೆ, ಕೊನೆಗೆ ಹೈಡ್ರೋಜನ್ ಸಾಗಿಸುವ ಕೊಳವೆಯೊಂದನ್ನು ಸಮುದ್ರದಡಿ ಹಾಕುವ ಮಾತಿಗೆ ಬಂದು ನಿಂತರು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಲಿಥುವೇನಿಯಾ. 2014ರಲ್ಲಿ ಕ್ಲೈಪೆಡಾ ಬಂದರಿಗೆ ತೇಲುವ ಟರ್ಮಿನಲ್ ಒಂದನ್ನು ತಂದು ‘ಇಂಡಿಪೆಂಡೆನ್ಸ್’ ಎಂದು ಹೆಸರಿಟ್ಟಿತು. 30 ಲಕ್ಷದಷ್ಟು ಜನಸಂಖ್ಯೆಯ ದೇಶಕ್ಕೆ ಅದು ದುಬಾರಿ ಎಂಬ ಟೀಕೆ ಸುಳ್ಳಾಗಿರಲಿಲ್ಲ. 2022ರ ಏಪ್ರಿಲ್‌ನಲ್ಲಿ ರಷ್ಯಾದ ಅನಿಲವನ್ನು ಪೂರ್ತಿ ನಿಲ್ಲಿಸಿದ ಒಕ್ಕೂಟದ ಮೊದಲ ದೇಶ ಅದೇ.

ಹಾಗಾದರೆ ಈಗ ಕಟ್ಟುತ್ತಿರುವ ಟರ್ಮಿನಲ್‌ಗಳು ಎಲ್ ಮುಸೆಲ್ ಆಗುತ್ತವೆಯೋ ಕ್ಲೈಪೆಡಾ ಆಗುತ್ತವೆಯೋ? 2024ರಲ್ಲಿ ಯುರೋಪಿನ ಎಲ್‌ಎನ್‌ಜಿ ಟರ್ಮಿನಲ್‌ಗಳ ಸರಾಸರಿ ಬಳಕೆ ಸಾಮರ್ಥ್ಯದ ಅರ್ಧವನ್ನೂ ಮುಟ್ಟಲಿಲ್ಲ. ಪರಿಸರವಾದಿಗಳು ಇದನ್ನು ದುಂದು ಎನ್ನುತ್ತಾರೆ, ಭದ್ರತಾ ತಜ್ಞರು ವಿಮೆ ಎನ್ನುತ್ತಾರೆ. ಟರ್ಮಿನಲ್ ಅನ್ನು ಬಾಡಿಗೆ ಹಡಗಿನ ಮೇಲೆ ಕಟ್ಟಿದ್ದರೆ ನಾಳೆ ಹಗ್ಗ ಬಿಚ್ಚಿ ಕಳಿಸಬಹುದು, ಆದ್ದರಿಂದ ನಾನು ವಿಮೆಯ ಪಕ್ಷಕ್ಕೆ ವಾಲುತ್ತೇನೆ. ಕಾಂಕ್ರೀಟಿನಲ್ಲಿ ಕಟ್ಟಿದ್ದಕ್ಕೆ, ಇಪ್ಪತ್ತು ವರ್ಷದ ‘ತೆಗೆದುಕೋ, ಇಲ್ಲವೇ ಹಣ ಕೊಡು’ ಒಪ್ಪಂದಕ್ಕೆ ಆ ರಿಯಾಯಿತಿ ಕೊಡಲಾರೆ. ಆದರೆ ವಿಮೆ ಎಂದಮೇಲೆ ಕಂತು ಯಾರದು ಎಂಬುದೂ ಅದರ ಜೊತೆಗೇ ಬರಬೇಕು. ಮಾನ್‌ಹೈಮ್‌ನಲ್ಲಿ ಅನುಕೂಲಸ್ಥರು ಮೊದಲು ಹೀಟ್ ಪಂಪ್ ಹಾಕಿಸಿ ಅನಿಲ ಸಂಪರ್ಕ ಬಿಡುತ್ತಾರೆ. ಕೊಳವೆಯ ನಿರ್ವಹಣೆಯ ಖರ್ಚು ಉಳಿದವರ ತಲೆಗೆ ಹಂಚಿಕೆಯಾಗುತ್ತದೆ. ಬಿಲ್ ಏರಿದಂತೆ ಇನ್ನಷ್ಟು ಜನ ಬಿಡುತ್ತಾರೆ. ಕೊನೆಗೆ ಉಳಿಯುವವರು ಬಿಡಲು ಹಣವಿಲ್ಲದವರು ಮತ್ತು ಬಾಯ್ಲರ್ ಬದಲಿಸುವ ಹಕ್ಕೇ ಇಲ್ಲದ ಬಾಡಿಗೆದಾರರು. ಇಂಥ ದಿನ ಜಾಲ ಮುಚ್ಚುತ್ತದೆ ಎಂದು ಹತ್ತು ವರ್ಷ ಮೊದಲೇ ಹೇಳಿದ ಮಾನ್‌ಹೈಮ್‌ನ ಕಂಪನಿಯ ಮೇಲೆ ಸಿಟ್ಟಾದವರಿದ್ದಾರೆ. ಹೇಳದೆ ಸುಮ್ಮನಿರುವ ಊರುಗಳ ಜನ ಇನ್ನೂ ಹೆಚ್ಚು ಸಿಟ್ಟಾಗಬೇಕು.

ಹಳೆಯ ಕೊಳವೆಗಳಿಗೆ ಹೈಡ್ರೋಜನ್ ತುಂಬಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಕೊಳವೆ ಕಂಪನಿಗಳ ನೆಚ್ಚಿನ ಉತ್ತರ. ಜರ್ಮನಿ 2024ರಲ್ಲಿ 9,040 ಕಿಲೋಮೀಟರ್‌ಗಳ ಹೈಡ್ರೋಜನ್ ಜಾಲಕ್ಕೆ ಅನುಮೋದನೆ ನೀಡಿತು. ಅದರ ಬಹುಪಾಲು ಈಗಿನ ಅನಿಲ ಕೊಳವೆಗಳೇ. ಖರ್ಚನ್ನು 2055ರವರೆಗೆ ಹಂಚಿ ತೀರಿಸುವ ಏರ್ಪಾಡಿದೆ. ಆರನೆಯ ಕ್ಯಾಲೆಂಡರ್ ಬೇಕಿತ್ತೇನೋ, ಅದೂ ಬಂತು. ಕೊಳವೆ ಸಿದ್ಧವಾದರೂ ಅದನ್ನು ತುಂಬುವಷ್ಟು ಹಸಿರು ಹೈಡ್ರೋಜನ್ (ಸೌರ, ಪವನ ವಿದ್ಯುತ್ತಿನಿಂದ ತಯಾರಿಸಿದ್ದು) ಸದ್ಯಕ್ಕೆ ಕಣ್ಣಿಗೆ ಬೀಳುತ್ತಿಲ್ಲ. ಇಡೀ ಖಂಡದ ಹತ್ತು ವರ್ಷದ ಜಾಲ ಯೋಜನೆಯನ್ನು ತಯಾರಿಸುವ ಎಂಟ್‌ಸೋಗ್ ಸಂಸ್ಥೆ ಕೊಳವೆ ಮಾರ್ಗಗಳನ್ನು ನಡೆಸುವ ಕಂಪನಿಗಳದ್ದೇ ಒಕ್ಕೂಟ ಎಂಬುದನ್ನೂ ಇಲ್ಲಿ ನೆನೆಯಬೇಕು. ಊರಿಗೆ ಎಷ್ಟು ಕೊಡ ಬೇಕೆಂದು ಕುಂಬಾರನನ್ನೇ ಕೇಳಿದರೆ ಅವನು ಸುಳ್ಳು ಹೇಳಬೇಕಾಗಿಲ್ಲ, ಸ್ವಲ್ಪ ಉದಾರವಾಗಿ ಎಣಿಸಿದರೂ ಸಾಕು.

ಇಷ್ಟೆಲ್ಲ ಅನಿಶ್ಚಿತತೆಯ ನಡುವೆ ಖಂಡಿತವಾದ ಒಂದು ಅಂಕಿ ನೆದರ್ಲೆಂಡ್ಸ್‌ನಲ್ಲಿದೆ. 1959ರಲ್ಲಿ ಪತ್ತೆಯಾದ ಖ್ರೋನಿಂಗನ್ ಅನಿಲ ಕ್ಷೇತ್ರ ಯುರೋಪಿನ ಅತಿದೊಡ್ಡದು. ಖಂಡಕ್ಕೆ ಅನಿಲದ ರುಚಿ ಹತ್ತಿಸಿದ್ದೇ ಅದು. ದಶಕಗಳ ಕಾಲ ಅನಿಲ ತೆಗೆದ ಮೇಲೆ ನೆಲ ಕಂಪಿಸತೊಡಗಿತು. 2012ರಲ್ಲಿ ಹೌಜಿಂಗ ಹಳ್ಳಿಯ ಬಳಿ 3.6 ತೀವ್ರತೆಯ ಕಂಪನವಾಗಿ ಮನೆಗಳ ಗೋಡೆ ಬಿರಿದವು. ಬೆಲೆ ಆಕಾಶಕ್ಕೇರಿದ 2022ರಲ್ಲಿ ನೆರೆಯವರೆಲ್ಲ ಆ ಕಡೆ ನೋಡುತ್ತಿದ್ದಾಗಲೂ ಡಚ್ ಸರ್ಕಾರ ಅಲ್ಲಿನ ಉತ್ಪಾದನೆ ಹೆಚ್ಚಿಸಲಿಲ್ಲ. 2023ರ ಅಕ್ಟೋಬರ್ 1ರಂದು ಉತ್ಪಾದನೆ ನಿಂತಿತು. ತುರ್ತಿಗೆಂದಾದರೂ ಉಳಿಸಿಕೊಳ್ಳೋಣ ಎಂಬ ಮಾತು ಮೇಲ್ಮನೆಯಲ್ಲಿ ಕೊನೆಯ ಗಳಿಗೆಯವರೆಗೂ ಕೇಳಿಬಂತು. ಆದರೂ 2024ರ ಏಪ್ರಿಲ್‌ನಲ್ಲಿ ಶಾಶ್ವತ ಮುಚ್ಚುಗಡೆಯ ಮಸೂದೆ ಅಂಗೀಕಾರವಾಯಿತು. ಬಾವಿಗಳಿಗೆ ಸಿಮೆಂಟ್ ತುಂಬಲಾಗುತ್ತಿದೆ. ಇಡೀ ಒಕ್ಕೂಟ ಒಂದು ವರ್ಷದಲ್ಲಿ ಬಳಸುವುದಕ್ಕಿಂತ ಹೆಚ್ಚು ಅನಿಲ ಇನ್ನೂ ಅಲ್ಲಿ ನೆಲದಡಿ ಇದೆ. ಮುಂದಿನ ಯಾವ ಯೋಜನಾ ವರದಿಯನ್ನು ತೆರೆದರೂ, ಆಶಾವಾದಿ ಚಿತ್ರವಾಗಲಿ ನಿರಾಶಾವಾದಿ ಚಿತ್ರವಾಗಲಿ, ಖ್ರೋನಿಂಗನ್ ಎದುರಿನ ಸಂಖ್ಯೆ ಮಾತ್ರ ಒಂದೇ: ಸೊನ್ನೆ.